‘ಇನಫ್ ಟಾಲ್’ ಅಂದರೆ ಯಾಕೆ ನಗುತ್ತಾರೆ?

ಪ್ರಶ್ನೆ: ಇಂಟರ್‌ವ್ಯೂ ತಯಾರಿಯಲ್ಲಿ “ಐ ಆಮ್ ಇನಫ್ ಟಾಲ್” ಅಂದೆ. ಸರ್ ನಕ್ಕರು. “ಇನಫ್ ಮನಿ” ಸರಿ ಇದ್ದರೆ “ಇನಫ್ ಟಾಲ್” ಯಾಕೆ ತಪ್ಪು? ಈ ಪದ ಎಲ್ಲಿ ಇಡಬೇಕು? (ಜಮಖಂಡಿಯ ಓದುಗರೊಬ್ಬರು)

ಅರ್ಧ ತಪ್ಪು ನಿಮ್ಮದು, ಉಳಿದರ್ಧ ನಮ್ಮ ‘ಸಾಕಷ್ಟು’ ಅನ್ನೋ ಪದದ್ದು. ಸಾಕಷ್ಟು ದುಡ್ಡು, ಸಾಕಷ್ಟು ಎತ್ತರ, ಸಾಕಷ್ಟು ಬಿಸಿ. ಕನ್ನಡದಲ್ಲಿ ಅದು ಎಲ್ಲ ಕಡೆ ಮೊದಲೇ ಬಂದು ಕೂರುತ್ತದೆ. ಅದೇ ರೂಢಿಯಲ್ಲಿ ನಾವು ಇನಫ್ ಅನ್ನೂ ಮೊದಲು ತಂದು ಕೂರಿಸುತ್ತೇವೆ.

ಇಂಗ್ಲಿಷಿನಲ್ಲಿ ನಾಮಪದ ಇದ್ದರೆ ಮಾತ್ರ ಅದು ಮೊದಲು: ಇನಫ್ ಮನಿ, ಇನಫ್ ವಾಟರ್. ಗುಣ ಹೇಳುವ ಪದ ಇದ್ದರೆ ಅದರ ಬೆನ್ನಿಗೆ: ಟಾಲ್ ಇನಫ್, ಹಾಟ್ ಇನಫ್. ಕ್ರಿಯಾಪದಕ್ಕೂ ಹಾಗೇ, “ಹಿ ಡಸಂಟ್ ಸ್ಲೀಪ್ ಇನಫ್”. ನೀವು ಹೇಳಬೇಕಿದ್ದದ್ದು “ಐ ಆಮ್ ಟಾಲ್ ಇನಫ್”.

ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಕೇಳಿದವರು “ಯಾತಕ್ಕೆ?” ಅಂತ ಕಾಯುತ್ತಾರೆ. ಆಗ ‘ಟು’ ಬೇಕು. ಇಲ್ಲಿ ನಮಗೆ ‘ಸಾಕಷ್ಟು’ ಕೆಲಸಕ್ಕೆ ಬರುವುದಿಲ್ಲ, ‘-ವಷ್ಟು’ ಬರುತ್ತದೆ. ವಿಜಯಪುರದ ಗೋಳಗುಮ್ಮಟ ಹತ್ತಿದ್ದೀರಲ್ಲ? ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಮೇಲಿನ ಪಿಸುಮಾತಿನ ಮೊಗಸಾಲೆಗೆ ಬಂದರೆ, ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಎದುರು ಬದಿಗೆ ಮುಟ್ಟುತ್ತದೆ. ಶಾಲೆ ಮಕ್ಕಳ ಟ್ರಿಪ್ ಬಂದ ದಿನ ಮಾತ್ರ ಏನೂ ಕೇಳಿಸದು! ಬೆಳಗ್ಗೆ ಬೇಗ ಹೋದರೆ ಪಿಸುಮಾತೂ ಕೇಳುವಷ್ಟು ಶಾಂತ. “ಕ್ವಾಯಟ್ ಇನಫ್ ಟು ಹಿಯರ್ ಎ ವಿಸ್ಪರ್.” ಸಾಲು ಪೂರ್ತಿ ತಿರುಗುಮುರುಗಾಯಿತು ನೋಡಿ. ನಾವು ‘ಕೇಳುವಷ್ಟು’ ಅಂತ ಶುರು ಮಾಡಿ ‘ಶಾಂತ’ಕ್ಕೆ ಬರುತ್ತೇವೆ. ಅವರು ‘ಶಾಂತ’ದಿಂದ ಶುರು ಮಾಡಿ ‘ಕೇಳು’ವಿಗೆ ಹೋಗುತ್ತಾರೆ. ‘-ವಷ್ಟು’ ಬಂದಲ್ಲೆಲ್ಲ ಹಿಂದಿನಿಂದ ಮುಂದಕ್ಕೆ ಓದಿ, ಇನಫ್ ತಾನಾಗಿಯೇ ಜಾಗ ಹುಡುಕಿಕೊಳ್ಳುತ್ತದೆ.

ಜಾಗಕ್ಕಿಂತ ಜಾಸ್ತಿ ಎಡವಿಸುವುದು ಅರ್ಥ. “ಅವರ ಹತ್ರ ಸಾಕಷ್ಟು ದುಡ್ಡೈತಿ” ಅಂದರೆ ನಮ್ಮಲ್ಲಿ ಆತ ಸಾಹುಕಾರ. ‘ರಗಡ ಐತಿ’ ಅಂದ ಹಾಗೇ. “ಹಿ ಹ್ಯಾಸ್ ಇನಫ್ ಮನಿ” ಅಂದರೆ ಸಾಹುಕಾರ ಅಂತೇನಿಲ್ಲ, ಬೇಕಾದದ್ದಕ್ಕೆ ಸಾಲುತ್ತದೆ ಅಂತ, ಅಷ್ಟೆ. ರಗಡ ಇದ್ದರೆ ‘ಪ್ಲೆಂಟಿ’ ಅನ್ನಿ.

ಇನ್ನೊಂದು ಎಡವಟ್ಟು ನನ್ನದೇ. ನಮ್ಮ ಖಾನಾವಳಿಗಳಲ್ಲಿ ಗೊತ್ತಲ್ಲ, ತಾಟಿನಲ್ಲಿ ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಬಂದು ಬೀಳುತ್ತದೆ. ತಾಟಿನ ಮೇಲೆ ಕೈ ಅಡ್ಡ ಹಿಡಿದು “ಸಾಕ್ರಿ, ಸಾಕ್ರಿ” ಅಂದರೂ ಬಡಿಸುವವರು “ಒಂದs ತಗೋರಿ” ಅಂತ ಹಾಕಿಯೇ ಹೋಗುತ್ತಾರೆ. ಇದೇ ಅಭ್ಯಾಸದ ಮೇಲೆ, ಇಂಗ್ಲಿಷ್ ಮಾತಾಡುವ ಮನೆಯೊಂದರಲ್ಲಿ ಚಹಾ ಸುರಿಯುತ್ತಿದ್ದ ಹಿರಿಯರಿಗೆ ನಾನು ಕೈ ಅಡ್ಡ ಮಾಡಿ “ಇನಫ್! ಇನಫ್!” ಅಂದೆ. ಅವರ ಕೈ ಹಾಗೇ ನಿಂತಿತು. ಕಿಟಲಿ ಕೆಳಗಿಟ್ಟು ನನ್ನ ಮುಖ ನೋಡಿದರು. ನಮ್ಮ ‘ಸಾಕ್ರಿ’ಯಲ್ಲಿ ಒಂದು ‘ರಿ’ ಇದೆ, ಮರ್ಯಾದೆ ಎಲ್ಲ ಅದರಲ್ಲೇ. ಬರೀ ‘ಇನಫ್’ ಅಂದರೆ ಗದ್ದಲ ಮಾಡುವ ಹುಡುಗರಿಗೆ “ಸಾಕು ಮಾಡ್ರಲೇ” ಅಂದಂತೆ. “ದ್ಯಾಟ್ಸ್ ಇನಫ್, ಥ್ಯಾಂಕ್ ಯು” ಅಂದಿದ್ದರೆ ಮುಗೀತಿತ್ತು.

ಕೆಲವು ಜೋಡಿಗಳನ್ನು ಬಿಡಿಸಿ ನೋಡದೆ ಹಾಗೇ ಕಲಿಯಿರಿ. ‘ಫೇರ್ ಇನಫ್’ ಅಂದರೆ “ಅದೂ ಖರೇನs ಬಿಡ್ರಿ”. ‘ಗುಡ್ ಇನಫ್’ಗೆ ನಮ್ಮ “ನಡೀತೈತಿ ಬಿಡ್ರಿ”ಗಿಂತ ಒಳ್ಳೆ ಅನುವಾದ ನನಗೆ ಸಿಕ್ಕಿಲ್ಲ. ಆದರೆ ‘ನಾಟ್ ಗುಡ್ ಇನಫ್’ ಅಂತ ಮೇಲಿನವರು ಬರೆದರೆ ಹಗುರಾಗಿ ತಗೋಬೇಡಿ. ಅದು “ಸ್ವಲ್ಪ ಕಡಿಮೆ ಆತು” ಅಲ್ಲ, “ಇದು ನಡೆಯೂದಿಲ್ಲ” ಅಂತ.

ಜಿ, ಎಚ್ ಬರೆದು ‘ಫ್’ ಅನ್ನೋದು ಯಾಕೆ ಅಂತಲೂ ಬಹಳ ಮಂದಿ ಕೇಳುತ್ತಾರೆ. ಇದರ ಅಣ್ಣತಮ್ಮ ಜರ್ಮನ್ನಿನ ‘ಗೆನೂಗ್’. ಹಿಂದೆ ಇಂಗ್ಲಿಷಿನಲ್ಲೂ ಕೊನೆಗೆ ಗಂಟಲಿನಿಂದ ಬರುವ, ನಮ್ಮ ಖಕಾರಕ್ಕೆ ಹತ್ತಿರದ ಸದ್ದಿತ್ತು. ಅದನ್ನು ತೋರಿಸಲು ಜಿ, ಎಚ್ ಬರೆದರು. ಆಮೇಲೆ ಸದ್ದು ಬದಲಾಯಿತು, ಕಾಗುಣಿತ ಅಲ್ಲೇ ಉಳಿಯಿತು. ‘ರಫ್’, ‘ಟಫ್’, ‘ಕಾಫ್’ಗಳಲ್ಲಿ ಅದು ‘ಫ್’ ಆಯಿತು, ‘ದೋ’, ‘ಥ್ರೂ’ಗಳಲ್ಲಿ ಪೂರ್ತಿ ಮಾಯವಾಯಿತು. ಇದಕ್ಕೆ ಸೂತ್ರ ಹುಡುಕುತ್ತ ಕೂರಬೇಡಿ, ಒಂದೊಂದೇ ಬಾಯಿಪಾಠ ಮಾಡುವುದೇ ಸಲೀಸು.