ಎಡಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ

ಒಣಗಿದ ಸಿಮೆಂಟ್ ನೆಲದ ಮೇಲೆ ಒಂದು ಬಕೆಟ್ ನೀರು ಚೆಲ್ಲಿ. ಸೈಕಲ್ ಹತ್ತಿ ಆ ನೀರನ್ನು ಹಾಯ್ದು ಬನ್ನಿ. ನಾಲ್ಕು ಮಾರು ನೇರವಾಗಿ ಹೋಗಿ, ಆಮೇಲೆ ಚುರುಕಾಗಿ ಎಡಕ್ಕೆ ತಿರುಗಿ. ಈಗ ಇಳಿದು ಬಂದು ಒದ್ದೆ ಟಯರಿನ ಗುರುತನ್ನು ಬಗ್ಗಿ ನೋಡಿ. ನೇರ ಬಂದ ಗೆರೆ ಎಡಕ್ಕೆ ಬಾಗುವ ಮುಂಚೆ ಒಂದಿಷ್ಟು ಬಲಕ್ಕೆ ಸರಿದಿರುತ್ತದೆ. ನೀವು ಬೇಕಂತ ಹಾಗೆ ಮಾಡಿರುವುದಿಲ್ಲ. ಆದರೂ ನಿಮ್ಮ ಕೈ ಹ್ಯಾಂಡಲನ್ನು ಮೊದಲು ಉಲ್ಟಾ ದಿಕ್ಕಿಗೆ ತಿರುಗಿಸಿದೆ. ಇದಕ್ಕೆ ಕೌಂಟರ್‌ಸ್ಟಿಯರಿಂಗ್ ಎನ್ನುತ್ತಾರೆ. ಸೈಕಲ್ ಬರುವ ಎಲ್ಲರೂ ಪ್ರತಿ ತಿರುವಿನಲ್ಲೂ ಇದನ್ನು ಮಾಡುತ್ತಾರೆ.

ಯಾಕೆ ಹೀಗೆ? ತಿರುವಿನಲ್ಲಿ ಟಯರನ್ನು ಒಳಗಡೆಗೆ ತಳ್ಳುವುದು ನೆಲದ ಘರ್ಷಣೆ. ಅದು ಕೆಲಸ ಮಾಡುವುದು ಕೆಳಗೆ, ನೆಲದ ಮಟ್ಟದಲ್ಲಿ. ನಿಮ್ಮ ತೂಕವೆಲ್ಲ ಇರುವುದು ಮೇಲೆ, ಸೀಟಿನ ಆಸುಪಾಸಿನಲ್ಲಿ. ಆ ತೂಕಕ್ಕೆ ನೇರ ಹೋಗುವ ಹಟ. ಸೈಕಲ್ ನೆಟ್ಟಗೆ ನಿಂತೇ ಎಡಕ್ಕೆ ತಿರುಗಿದರೆ ಚಕ್ರ ಎಡಕ್ಕೆ ಓಡುತ್ತದೆ, ನೀವು ಬಲಕ್ಕೆ ಬೀಳುತ್ತೀರಿ. ಬೀಳಬಾರದು ಅಂದರೆ ಮೊದಲೇ ಎಡಕ್ಕೆ ವಾಲಿರಬೇಕು. ಎಷ್ಟು ವಾಲಬೇಕು ಅನ್ನುವುದು ವೇಗ ಮತ್ತು ತಿರುವಿನ ಮೇಲೆ ನಿಂತಿದೆ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ 10 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಸುಮಾರು 14 ಡಿಗ್ರಿ ವಾಲಬೇಕು. ತಿರುವು 5 ಮೀಟರ್ ತ್ರಿಜ್ಯದ್ದಾದರೆ ಸುಮಾರು 27 ಡಿಗ್ರಿ.

ಕಷ್ಟ ಇರುವುದು ಇಲ್ಲೇ. ವಾಲುವುದು ಹೇಗೆ? ನೆಲದ ಮೇಲೆ ನಿಂತವರು ಕಾಲು ಒತ್ತಿ ಪಕ್ಕಕ್ಕೆ ವಾಲಬಹುದು. ಸೈಕಲ್ ಮೇಲೆ ಕೂತವರು ಯಾವುದನ್ನು ಒತ್ತಬೇಕು? ಸುತ್ತ ಇರುವುದು ಬರೀ ಗಾಳಿ. ಅಂಗೈ ಮೇಲೆ ಉದ್ದನೆಯ ಕೋಲು ನಿಲ್ಲಿಸಿಕೊಂಡು ಆಡಿದ್ದು ನೆನಪಿದೆಯಲ್ವಾ? ಕೋಲಿನ ಸಮೇತ ಎಡಕ್ಕೆ ಹೋಗಬೇಕಾದರೆ ಕೈಯನ್ನು ಮೊದಲು ಬಲಕ್ಕೆ ಸರಿಸಬೇಕು. ಆಗ ಕೋಲು ಎಡಕ್ಕೆ ವಾಲುತ್ತದೆ, ಅದರ ಹಿಂದೆ ನೀವು ಹೋಗಬಹುದು. ಸೈಕಲ್ಲಿನಲ್ಲೂ ಅಷ್ಟೇ. ಹ್ಯಾಂಡಲ್ ಒಂಚೂರು ಬಲಕ್ಕೆ ತಿರುಗುತ್ತದೆ. ಚಕ್ರಗಳು ನಿಮ್ಮ ತೂಕದ ಅಡಿಯಿಂದ ಬಲಕ್ಕೆ ಜಾರುತ್ತವೆ. ನೀವು ಎಡಕ್ಕೆ ಬೀಳಲು ಶುರು ಮಾಡುತ್ತೀರಿ. ಬೇಕಾದಷ್ಟು ವಾಲಿದ ಕೂಡಲೇ ಹ್ಯಾಂಡಲ್ ಎಡಕ್ಕೆ ಬಂದು ಆ ಬೀಳುವಿಕೆಯನ್ನು ತಡೆಯುತ್ತದೆ. ತಿರುವು ಮುಗಿಸುವಾಗ ಹ್ಯಾಂಡಲ್ ಇನ್ನೂ ಸ್ವಲ್ಪ ಎಡಕ್ಕೆ ಹೋಗುತ್ತದೆ. ಚಕ್ರಗಳು ಮತ್ತೆ ನಿಮ್ಮ ಅಡಿಗೆ ಬರುತ್ತವೆ, ಸೈಕಲ್ ನೆಟ್ಟಗಾಗುತ್ತದೆ.

ಇದನ್ನು ಗಮನಿಸಿ ಹೇಳಿದವರಲ್ಲಿ ವಿಲ್ಬರ್ ರೈಟ್ ಒಬ್ಬರು. ವಿಮಾನಕ್ಕಿಂತ ಮುಂಚೆ ರೈಟ್ ಸಹೋದರರು ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ವಿಲ್ಬರ್ ಹತ್ತಾರು ಸವಾರರನ್ನು ಕೇಳಿದರು. ಹ್ಯಾಂಡಲನ್ನು ಎಡಕ್ಕೆ ತಿರುಗಿಸುತ್ತೇವೆ ಎಂದೇ ಹೆಚ್ಚುಕಡಿಮೆ ಎಲ್ಲರ ಉತ್ತರ. ಕೆದಕಿ ಕೇಳಿದ ಮೇಲಷ್ಟೇ ಕೆಲವರು ಮೊದಲು ಸ್ವಲ್ಪ ಬಲಕ್ಕೆ ಹೋಗುತ್ತದೆ ಎಂದು ಒಪ್ಪಿಕೊಂಡರಂತೆ. ವಿಮಾನವೂ ತಿರುಗುವಾಗ ಒಂದು ಪಕ್ಕಕ್ಕೆ ವಾಲಬೇಕು ಎಂದು ಆ ಅಣ್ಣತಮ್ಮಂದಿರು ರೆಕ್ಕೆ ತಿರುಚುವ ಏರ್ಪಾಡು ಮಾಡಿದ್ದು ಸುಮ್ನೆ ಅಲ್ಲ. ಸೈಕಲ್ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಕೈ ಬಿಟ್ಟು ಸೈಕಲ್ ಹೊಡೆಯುವವರು ಮೈ ವಾಲಿಸಿಯೇ ತಿರುಗುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅವರು ಮೈಯನ್ನು ಎಡಕ್ಕೆ ಒಗೆದಾಗ ಕೆಳಗಿನ ಸೈಕಲ್ ಬಲಕ್ಕೆ ವಾಲುತ್ತದೆ. ಸೈಕಲ್ ಬಲಕ್ಕೆ ವಾಲಿದರೆ ಮುಂದಿನ ಚಕ್ರ ತಾನಾಗಿಯೇ ಬಲಕ್ಕೆ ತಿರುಗುತ್ತದೆ. ಉಳಿದದ್ದು ಮೊದಲಿನಂತೆಯೇ. ಭಾರದ ಮೋಟರ್‌ಬೈಕಿನಲ್ಲಿ ಬರೀ ಮೈ ವಾಲಿಸಿದರೆ ಹೆಚ್ಚು ಪ್ರಯೋಜನವಿಲ್ಲ. ಅಮೆರಿಕದ ತರಬೇತುದಾರ ಕೀತ್ ಕೋಡ್ ಒಂದು ಬೈಕಿಗೆ ಇನ್ನೊಂದು ಹ್ಯಾಂಡಲ್ ಜೋಡಿಸಿದರು. ಅದನ್ನು ಫ್ರೇಮಿಗೇ ಬಿಗಿದಿದ್ದರಿಂದ ತಿರುಗಿಸಲು ಆಗುವುದಿಲ್ಲ. ಅದನ್ನು ಹಿಡಿದು ಎಷ್ಟು ವಾಲಿದರೂ ಬೈಕ್ ಅತ್ತಿತ್ತ ಸ್ವಲ್ಪ ಅಲೆಯುತ್ತದೆಯೇ ಹೊರತು ಸರಿಯಾಗಿ ತಿರುಗುವುದಿಲ್ಲ.

ತಿರುಗುವ ಚಕ್ರದ ಗೈರೋಸ್ಕೋಪ್ ಗುಣವೇ, ಅಂದರೆ ಜೋರಾಗಿ ತಿರುಗುವ ಚಕ್ರ ತನ್ನ ಅಚ್ಚಿನ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡದ ಗುಣವೇ, ಇದಕ್ಕೆಲ್ಲ ಕಾರಣ ಎನ್ನುವ ಮಾತು ಇನ್ನೂ ಓಡಾಡುತ್ತಿದೆ. ಅದಕ್ಕೂ ಒಂದು ಪಾಲಿದೆ, ಆದರೆ ಸೈಕಲ್ಲಿನ ವೇಗದಲ್ಲಿ ಚಿಕ್ಕ ಪಾಲು. ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಮುಂದಿನ ಚಕ್ರದ ಪಕ್ಕ ಉಲ್ಟಾ ತಿರುಗುವ ಇನ್ನೊಂದು ಚಕ್ರ ಕಟ್ಟಿ ಆ ಗುಣವನ್ನು ಅಳಿಸಿಹಾಕಿದರು. ಆದರೂ ಅವರು ಆ ಸೈಕಲ್ಲನ್ನು ಸಲೀಸಾಗಿ ಓಡಿಸಿದರು. ಇದನ್ನು 1970ರಲ್ಲಿ ಪ್ರಕಟಿಸಿದರು.

ಇದು ತಿಳಿದರೆ ಏನು ಬಂತು? ನಮ್ಮ ರಸ್ತೆಗಳಲ್ಲಿ ಬಹಳ ಬಂತು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತದೆ, ನೀವು ಎಡಕ್ಕೆ ಸರಿದು ಡಾಂಬರಿನ ಅಂಚಿಗೆ ಬರುತ್ತೀರಿ. ಅಂಚಿನಾಚೆ ಗೇಣುದ್ದ ತಗ್ಗು, ಜಲ್ಲಿ, ಮಣ್ಣು. ಬಸ್ಸು ಹೋದ ಮೇಲೆ ಬಲಕ್ಕೆ ಬರಬೇಕು. ಬಲಕ್ಕೆ ಬರಬೇಕಾದರೆ ಚಕ್ರ ಮೊದಲು ಎಡಕ್ಕೆ ಸರಿಯಬೇಕು. ಆದರೆ ಎಡಕ್ಕೆ ಜಾಗವೇ ಇಲ್ಲ! ಅಂಚು ಎಳೆದುಕೊಂಡ ಹಾಗೆ ಅನ್ನಿಸುವುದು ಇದರಿಂದಲೇ. ಹಾಗಾಗಿ ಅಂಚಿನಿಂದ ಕನಿಷ್ಠ ಒಂದು ಮೊಳ ಜಾಗ ಉಳಿಸಿಕೊಂಡೇ ಓಡಿಸಿ. ಬಸ್ಸಿನವರು ಎಷ್ಟೇ ಅವಸರ ಮಾಡಲಿ.

ಬೈಕ್ ಓಡಿಸುವವರಿಗೆ ಇದು ಇನ್ನೂ ಮುಖ್ಯ. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಮತ್ತು ತಂಡದವರು ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ ಸುಮಾರು 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರೀಕ್ಷಿಸಿ, 1981ರಲ್ಲಿ ವರದಿ ಕೊಟ್ಟರು. ಅಪಾಯ ಎದುರಾದ ಮೇಲೆ ಸವಾರರಿಗೆ ಸಾಮಾನ್ಯವಾಗಿ ಸಿಕ್ಕಿದ್ದು 2 ಸೆಕೆಂಡಿನಷ್ಟು ಹೊತ್ತು. ಕೌಂಟರ್‌ಸ್ಟಿಯರಿಂಗ್ ಮಾಡಿ ಪಕ್ಕಕ್ಕೆ ತಪ್ಪಿಸಿಕೊಳ್ಳುವ ಕಲೆ ಅವರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿತ್ತು. ದಿನಾ ಮಾಡುವ ಕೆಲಸವೇ ಗಾಬರಿಯಲ್ಲಿ ಕೈಗೆ ಬರುವುದಿಲ್ಲ. ಕಾರಿನ ಸ್ಟಿಯರಿಂಗಿನಂತೆ ಹ್ಯಾಂಡಲನ್ನು ಬೇಕಾದ ಕಡೆಗೆ ಎಳೆದರೆ ಬೈಕ್ ಅಡ್ಡ ಬಂದದ್ದರ ಕಡೆಗೇ ವಾಲುತ್ತದೆ.

ಇದನ್ನು ಅಭ್ಯಾಸ ಮಾಡುವುದು ಸುಲಭ. ಖಾಲಿ ಇರುವ ಅಗಲವಾದ ಜಾಗ ನೋಡಿ, ಹೆಲ್ಮೆಟ್ ಹಾಕಿ. ಬೈಕಾದರೆ ಗಂಟೆಗೆ 30 ಕಿಲೋಮೀಟರ್ ಸಾಕು. ಬಲಗಡೆಯ ಹಿಡಿಯನ್ನು ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ಒತ್ತಿ. ಬೈಕ್ ಬಲಕ್ಕೆ ವಾಲಿ ಬಲಕ್ಕೆ ಹೋಗುತ್ತದೆ. ಎಡಗಡೆಯದನ್ನು ಒತ್ತಿದರೆ ಎಡಕ್ಕೆ. ಜೋರಾಗಿ ತಳ್ಳಬೇಡಿ. ಒತ್ತುವಾಗ ಬ್ರೇಕ್ ಹಿಡಿಯಬೇಡಿ, ಟಯರಿನ ಹಿಡಿತ ಎರಡು ಕೆಲಸಕ್ಕೆ ಸಾಲದೆ ಹೋಗಬಹುದು.