ಕರೆಂಟ್ ಹೋಗಿ ಬಂತು, ಫ್ರೀಜರ್‌ನ ಮೀನು ಗಟ್ಟಿಯಾಗೇ ಇದೆ: ತಿನ್ನಬಹುದೇ?

ಪ್ರಶ್ನೆ: ನಮ್ಮದು ಕುಂದಾಪುರದ ಕಡೆ. ಮಳೆಗಾಲಕ್ಕೆ ಟ್ರಾಲಿಂಗ್ (ಯಾಂತ್ರಿಕ ದೋಣಿಗಳ ಮೀನುಗಾರಿಕೆ) ಬಂದ್ ಆಗುವ ಮುಂಚೆ ಬಂಗುಡೆ, ಅಂಜಲ್ ತಂದು ಡೀಪ್ ಫ್ರೀಜರ್‌ನಲ್ಲಿ ಇಟ್ಟಿದ್ದೆವು. ಜತೆಗೆ ಕೋಳಿ, ಕಾಯಿತುರಿ, ಹಲಸಿನ ತೊಳೆಯೂ ಇದ್ದವು. ನಾವು ಬೆಂಗಳೂರಿಗೆ ಮಗಳ ಮನೆಗೆ ಹೋಗಿದ್ದಾಗ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲವಂತೆ. ವಾಪಸ್ ಬಂದು ನೋಡಿದರೆ ಎಲ್ಲವೂ ಗಟ್ಟಿಯಾಗಿದೆ. ಬಳಸಬಹುದೇ?

ಉತ್ತರ: ಗಟ್ಟಿಯಾಗಿದೆ ಎಂಬ ಒಂದೇ ಕಾರಣಕ್ಕೆ ಬಳಸಬೇಡಿ. ಕರಗಿ, ಬೆಚ್ಚಗಾಗಿ, ಕರೆಂಟ್ ಬಂದ ಮೇಲೆ ಮತ್ತೆ ಹೆಪ್ಪುಗಟ್ಟಿದ ಮೀನು ಕೂಡ ಕೈಗೆ ಅಷ್ಟೇ ಗಟ್ಟಿಯಾಗಿ ಸಿಗುತ್ತದೆ. ನಡುವೆ ಏನಾಯಿತು ಎಂಬುದನ್ನು ಪತ್ತೆ ಮಾಡಬೇಕು, ಅದಕ್ಕೆ ಕುರುಹುಗಳು ಫ್ರೀಜರ್ ಒಳಗೇ ಇರುತ್ತವೆ.

ಮೊದಲು ಐಸ್ ಟ್ರೇ ಇದ್ದರೆ ನೋಡಿ. ಕ್ಯೂಬುಗಳು ಬಿಡಿಬಿಡಿಯಾಗಿ, ಮೂಲೆ ಚೂಪಾಗಿ ಇದ್ದರೆ ಒಳ್ಳೆಯ ಸೂಚನೆ. ಒಂದೇ ಹಲಗೆಯಂತೆ ಅಂಟಿಕೊಂಡಿದ್ದರೆ ಕರಗಿದ್ದವು ಎಂದೇ ಅರ್ಥ. ಆಮೇಲೆ ಕೋಳಿಯ ಕವರ್ ಎತ್ತಿ ತಳಭಾಗ ನೋಡಿ. ಮಾಂಸದಿಂದ ಇಳಿದ ಕೆಂಪು ನೀರು ಒಂದು ಮೂಲೆಯಲ್ಲಿ ಸೇರಿ ಗಡ್ಡೆ ಕಟ್ಟಿದ್ದರೆ ಅದು ಪೂರ್ತಿ ಕರಗಿತ್ತು. ಬಿಡಿಯಾಗಿದ್ದ ಹಲಸಿನ ತೊಳೆ ಮುದ್ದೆಯಾಗಿರುವುದು, ಮೀನಿನ ಪೊಟ್ಟಣ ಕೆಳಗಿನ ಪೊಟ್ಟಣದ ಆಕಾರಕ್ಕೆ ತಗ್ಗಿ ಕೂತಿರುವುದು, ಫ್ರೀಜರ್ ತಳದಲ್ಲಿ ಮುಂಚೆ ಇರದ ಮಂಜಿನ ಪದರ, ಇವೆಲ್ಲ ಅದೇ ಕಥೆ ಹೇಳುತ್ತವೆ.

ಇನ್ನು ಎರಡು ದಿನದ ಲೆಕ್ಕ. ಮೈನಸ್ 18 ಡಿಗ್ರಿಯಲ್ಲಿದ್ದ, ತುಂಬಿದ ಫ್ರೀಜರ್ ಬಾಗಿಲು ತೆರೆಯದೇ ಇದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಾಳುತ್ತದೆ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ನಿಮ್ಮ ಮನೆಗೆ ಬೀಗ ಹಾಕಿದ್ದರಿಂದ ಯಾರೂ ಮುಚ್ಚಳ ತೆಗೆಯಲಿಲ್ಲ, ಅದು ದೊಡ್ಡ ಲಾಭ. ಮನೆಯಲ್ಲಿ ಜನ ಇದ್ದರೆ ‘ಹೇಗಿದೆ ನೋಡೋಣ’ ಅಂತ ಗಂಟೆಗೊಮ್ಮೆ ಯಾರಾದರೂ ತೆಗೆದೇ ತೆಗೆಯುತ್ತಾರೆ. ಆದರೆ 48 ಗಂಟೆ ಎಂಬುದು ಗಡಿ, ಭರವಸೆಯಲ್ಲ. ಕರಾವಳಿಯ ಸೆಖೆಗೆ ನಾನಾದರೆ ಇನ್ನೂ ಕೆಲವು ಗಂಟೆ ಕಡಿಮೆಯೇ ಹಿಡಿಯುತ್ತೇನೆ. ಮಾಮೂಲಿ ಫ್ರಿಜ್‌ನ ಮೇಲ್ಭಾಗದ ಪುಟ್ಟ ಫ್ರೀಜರ್ ಖಾನೆಗಂತೂ ಈ ಲೆಕ್ಕ ಹಾಕಲೇಬೇಡಿ, ಅದು ಬಹಳ ಬೇಗ ಕರಗುತ್ತದೆ. ಕೆಳಗಿನ ಫ್ರಿಜ್ ಭಾಗ ಬಾಗಿಲು ಮುಚ್ಚಿದ್ದರೂ ತಾಳುವುದು 4 ಗಂಟೆ ಮಾತ್ರ.

ತುಂಬಿದ ಫ್ರೀಜರ್ ಹೆಚ್ಚು ಹೊತ್ತು ತಾಳುವುದಕ್ಕೆ ಕಾರಣ ಮಂಜುಗಡ್ಡೆಯೇ. ಒಂದು ಕಿಲೋ ಮಂಜುಗಡ್ಡೆ ಶೂನ್ಯ ಡಿಗ್ರಿಯಲ್ಲಿ ಕರಗಿ ಶೂನ್ಯ ಡಿಗ್ರಿಯ ನೀರಾಗಲು ಎಷ್ಟು ಶಾಖ ಹೀರುತ್ತದೋ, ಅಷ್ಟೇ ಶಾಖದಲ್ಲಿ ಆ ನೀರನ್ನು 80 ಡಿಗ್ರಿವರೆಗೆ ಕಾಯಿಸಬಹುದು. ಅದಕ್ಕೇ ಪೊಟ್ಟಣದ ಒಳಗೆ ಒಂದಿಷ್ಟು ಗಡ್ಡೆ ಉಳಿದಿರುವವರೆಗೂ ಉಷ್ಣತೆ ಮೇಲೇರಲು ಒದ್ದಾಡುತ್ತದೆ. ಕೊನೆಯ ಗಡ್ಡೆ ಕರಗಿದ ಮೇಲೆ ಸರಸರನೆ ಏರುತ್ತದೆ.

ನಿಯಮವೂ ಇಲ್ಲಿಂದಲೇ ಹುಟ್ಟಿದ್ದು. ಕರೆಂಟ್ ಬಂದಾಗ ಮಾಂಸ ಮೀನಿನಲ್ಲಿ ಇನ್ನೂ ಮಂಜಿನ ಹರಳು ಇದ್ದರೆ, ಅಥವಾ ಅದು 4 ಡಿಗ್ರಿ ಇಲ್ಲವೇ ಅದಕ್ಕಿಂತ ತಣ್ಣಗಿದ್ದರೆ, ಮತ್ತೆ ಹೆಪ್ಪುಗಟ್ಟಿಸಬಹುದು, ಅಡುಗೆಯೂ ಮಾಡಬಹುದು. ಮೀನು ಸ್ವಲ್ಪ ಮೆತ್ತಗಾಗುತ್ತದೆ, ರುಚಿ ತಗ್ಗುತ್ತದೆ, ಅಷ್ಟೇ. 4 ಡಿಗ್ರಿಗಿಂತ ಮೇಲೆ ಎರಡು ಗಂಟೆಗೂ ಹೆಚ್ಚು ಇದ್ದ ಮಾಂಸ, ಮೀನು, ಹಾಲಿನ ಪದಾರ್ಥ, ಮಾಡಿಟ್ಟ ಸಾರು ಪಲ್ಯ ಎಲ್ಲವನ್ನೂ ಬಿಸಾಡಬೇಕು.

ಇಲ್ಲಿ ಎಲ್ಲರೂ ಕೇಳುವ ಮಾತು: ಚೆನ್ನಾಗಿ ಕುದಿಸಿದರೆ ಆಯಿತಲ್ಲ? ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಆದರೆ ಕೆಲವು ಬ್ಯಾಕ್ಟೀರಿಯಾ ಬಿಟ್ಟುಹೋಗುವ ವಿಷ ಕುದಿತಕ್ಕೆ ಬಗ್ಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಬಂಗುಡೆಯದೇ. ಬಂಗುಡೆ, ಬೂತಾಯಿ, ಅಂಜಲ್‌ನಂಥ ಮೀನು ಬೆಚ್ಚಗಾದರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಮೈಮೇಲೆ ದದ್ದು ಏಳುತ್ತದೆ. ಮೀನು ಅಲರ್ಜಿ ಅಂದುಕೊಳ್ಳುವವರೇ ಹೆಚ್ಚು. ಹುಳಿ ಖಾರ ಹಾಕಿ ಎಷ್ಟು ಕುದಿಸಿದರೂ, ಕಾವಲಿಯಲ್ಲಿ ಎಷ್ಟು ಕಾಯಿಸಿದರೂ, ಮತ್ತೆ ಹೆಪ್ಪುಗಟ್ಟಿಸಿದರೂ ಅದು ಹೋಗುವುದಿಲ್ಲ. ಮೂಸಿ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ಹಿಸ್ಟಮಿನ್ ಇದ್ದ ಮೀನು ಚೆನ್ನಾಗಿಯೇ ಕಾಣಬಹುದು, ವಾಸನೆಯೂ ಬರದೇ ಇರಬಹುದು.

ಹಾಗಾಗಿ ನಿಮಗೆ ನೇರ ಉತ್ತರ: ಕರಗಿದ ಕುರುಹು ಒಂದು ಕಂಡರೂ ಮೀನು, ಕೋಳಿ, ಕಾಯಿತುರಿ ಹೋಗಲಿ. ಎಷ್ಟು ಹೊತ್ತು ಬೆಚ್ಚಗಿತ್ತು ಅಂತ ಹೇಳಲು ನಿಮ್ಮಲ್ಲಿ ಯಾರೂ ಅಲ್ಲಿರಲಿಲ್ಲ. ಹಲಸಿನ ತೊಳೆಗೆ ಸ್ವಲ್ಪ ರಿಯಾಯಿತಿ ಕೊಡಬಹುದು. ಲೋಳೆಯೋ ಹುಳಿ ವಾಸನೆಯೋ ಇಲ್ಲದಿದ್ದರೆ ಕಡುಬಿಗೆ ಆದೀತು. ಯಾವ ಕುರುಹೂ ಇಲ್ಲ, ಫ್ರೀಜರ್ ತುಂಬಿತ್ತು, ಕರೆಂಟ್ ಹೋದದ್ದು ಎರಡು ದಿನಕ್ಕೂ ಕಡಿಮೆ ಎಂಬುದು ಪಕ್ಕಾ ಆದರೆ ಧೈರ್ಯವಾಗಿ ಬಳಸಿ. ಪಕ್ಕದ ಮನೆಯವರನ್ನು ಸರಿಯಾಗಿ ಕೇಳಿ: ಯಾವ ಹೊತ್ತಿಗೆ ಹೋಯಿತು, ಯಾವ ಹೊತ್ತಿಗೆ ಬಂತು, ನಡುವೆ ಬಂದುಹೋಯಿತೇ?

ಮುಂದಿನ ಸಲ ಹೊರಡುವ ಮುಂಚೆ ಒಂದು ಸ್ಟೀಲ್ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಫ್ರೀಜರ್‌ನ ಮೇಲ್ಭಾಗದಲ್ಲಿ ಇಡಿ. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳ ಸೇರಿದ್ದರೆ ಲೋಟದ ನೀರು ಪೂರ್ತಿ ಕರಗಿತ್ತು. ಎಷ್ಟು ಹೊತ್ತು ಹಾಗಿತ್ತು ಅಂತ ನಾಣ್ಯ ಹೇಳುವುದಿಲ್ಲ, ಅದು ಇದರ ಕೊರತೆ. ಅತಿ ಹೆಚ್ಚಿನ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಕರಾವಳಿಯ ಫ್ರೀಜರುಗಳು ತುಂಬಿರುವುದೂ, ಮರ ಬಿದ್ದು ತಂತಿ ಹರಿಯುವುದೂ ಅದೇ ಹೊತ್ತಿಗೆ. ಮೀನು ಖಾಲಿಯಾದಂತೆಲ್ಲ ಉಳಿದ ಜಾಗಕ್ಕೆ ನೀರಿನ ಬಾಟಲಿ ಇಡುತ್ತಾ ಹೋಗಿ, ಮುಕ್ಕಾಲು ಮಾತ್ರ ತುಂಬಿಸಿ. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ. ಕರೆಂಟ್ ಹೋದಾಗ ಮೇಲೆ ಕಂಬಳಿ ಹೊದಿಸಬಹುದು, ಬಂದ ಕೂಡಲೇ ತೆಗೆಯಿರಿ, ಹಲವು ಫ್ರೀಜರುಗಳು ಶಾಖ ಬಿಡುವುದು ಪಕ್ಕದ ಗೋಡೆಗಳಿಂದಲೇ. ವೋಲ್ಟೇಜ್ ಏರಿಳಿತ ಇದ್ದರೆ ಪ್ಲಗ್ ಕಿತ್ತಿಟ್ಟು, ಏರಿಳಿತ ನಿಂತು ಕರೆಂಟ್ ಸ್ಥಿರವಾದ ಮೇಲೆ ಐದು ನಿಮಿಷ ಬಿಟ್ಟು ಹಾಕಿ. ಅಂದಹಾಗೆ, ಫ್ರಿಜ್‌ನಲ್ಲಿ ಇನ್ಸುಲಿನ್ ಇರುವವರು ಕರೆಂಟ್ ಹೋಯಿತೆಂದು ಅದನ್ನು ಮಂಜುಗಡ್ಡೆಯ ಪಕ್ಕಕ್ಕೆ ದೂಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕಿಲ್ಲ.

ಬಿಸಾಡುವ ಮೀನನ್ನು ಬೆಕ್ಕು ನಾಯಿಗೂ ಹಾಕಬೇಡಿ. ತೆಂಗಿನ ಬುಡದಿಂದ ತುಸು ದೂರ ಗುಂಡಿ ತೋಡಿ ಹೂಳಿ. ಆಳವಾಗಿ ತೋಡಿ, ಇಲ್ಲದಿದ್ದರೆ ರಾತ್ರಿ ನಾಯಿಗಳು ಕೆದರಿ ಎತ್ತಿಕೊಂಡು ಹೋಗುತ್ತವೆ.