ಜಿಶಿಯಾಶಿ: ತೈವಾನಿನ ‘ನೇರ ಆಡಳಿತ ನಗರ’ ಎಂದರೇನು?

ತೈವಾನಿನ ಚುನಾವಣೆ ಸುದ್ದಿಗಳಲ್ಲಿ ತಪ್ಪದೆ ಬರುವ ಪದ ‘ಜಿಶಿಯಾಶಿ’. ಅಕ್ಷರಶಃ ಇದರ ಅರ್ಥ ನೇರ ಆಡಳಿತಕ್ಕೆ ಒಳಪಟ್ಟ ನಗರ. ಮೇಲೆ ಪ್ರಾಂತ್ಯವಾಗಲಿ, ಅಲ್ಲಿನ ಜಿಲ್ಲೆಯಂತಿರುವ ಕೌಂಟಿಯಾಗಲಿ ಇಲ್ಲದೆ, ಕೇಂದ್ರದ ಕಾರ್ಯಾಂಗ ಯುವಾನ್‌ಗೆ, ಅಂದರೆ ಪ್ರಧಾನಿಯ ಸಂಪುಟಕ್ಕೆ, ನೇರವಾಗಿ ಸೇರಿದ ನಗರ ಇದು. ಈಗ ಇಂಥವು ಆರಿವೆ: ತೈಪೆ, ನ್ಯೂ ತೈಪೆ, ತಾವೊಯುವಾನ್, ತೈಚುಂಗ್, ತೈನಾನ್, ಕಾವೊಶಿಯುಂಗ್. ಸುಮಾರು 2.3 ಕೋಟಿ ಜನರಿರುವ ನಾಡಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿ ಈ ಆರು ನಗರಗಳಲ್ಲೇ ಇದ್ದಾರೆ.

ಇಷ್ಟು ಹೇಳಿದರೆ ಪದಕೋಶದ ಅರ್ಥ ಮುಗಿಯುತ್ತದೆ. ಆದರೆ ಈ ಪದ ಜನರ ಬದುಕಿನಲ್ಲಿ ಏನು ಮಾಡಿತು ಎಂಬುದು ಅಲ್ಲಿ ಸಿಗುವುದಿಲ್ಲ. ಅದಕ್ಕೆ ಪತ್ರಕರ್ತನಾಗಿದ್ದು ಮೇಯರ್ ಆದ ವು ಡುನ್‌ಯಿ ಅವರ ರಾಜಕೀಯ ಹಾದಿಯನ್ನು ನೋಡಬೇಕು. ಅವರ ಪಕ್ಷ, ನಿಲುವುಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಪದದ ಎರಡೂ ಅರ್ಥಗಳನ್ನು ಒಂದೇ ಕುರ್ಚಿಯಲ್ಲಿ ಕುಳಿತು ಕಂಡವರು ಅವರು.

ವು ಹುಟ್ಟಿದ್ದು 1948ರಲ್ಲಿ, ನಾಂಟೌ ಕೌಂಟಿಯ ಚಾವೊತುನ್‌ನಲ್ಲಿ. ಸಮುದ್ರ ತೀರವೇ ಇಲ್ಲದ, ಬೆಟ್ಟಗುಡ್ಡಗಳ ಸೀಮೆ ಅದು. ನ್ಯಾಷನಲ್ ತೈವಾನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ‘ಚೈನಾ ಟೈಮ್ಸ್’ ಪತ್ರಿಕೆಯಲ್ಲಿ ವರದಿಗಾರರಾದರು. 1973ರಲ್ಲಿ, 25ನೇ ವಯಸ್ಸಿಗೆ, ಆಗ ನಾಡನ್ನು ಆಳುತ್ತಿದ್ದ ಕುವೊಮಿಂಟಾಂಗ್ ಪಕ್ಷದಿಂದ ತೈಪೆ ನಗರಸಭೆಗೆ ಆರಿಸಿಬಂದರು.

ಆಗಿನ ತೈಪೆಯ ಸ್ಥಿತಿ ವಿಚಿತ್ರವಾಗಿತ್ತು. ನಗರಸಭೆಯ ಸದಸ್ಯರನ್ನು ಜನ ಆರಿಸುತ್ತಿದ್ದರು, ಮೇಯರನ್ನು ಮಾತ್ರ ಆರಿಸುವಂತಿರಲಿಲ್ಲ. ಹಾಗೆಂದು ಮೊದಲಿನಿಂದಲೂ ಅಲ್ಲಿ ಆ ಹಕ್ಕು ಇರಲಿಲ್ಲ ಎಂದಲ್ಲ. 1950ರ ದಶಕದಲ್ಲಿ, ಸೇನಾಡಳಿತ ಕಾನೂನು ಜಾರಿಯಲ್ಲಿದ್ದಾಗಲೇ, ತೈಪೆಯ ಜನ ಮತ ಹಾಕಿ ಮೇಯರನ್ನು ಆರಿಸುತ್ತಿದ್ದರು. 1954ರಲ್ಲೂ 1964ರಲ್ಲೂ ಆಳುವ ಪಕ್ಷದ ಅಭ್ಯರ್ಥಿಯನ್ನು ಸೋಲಿಸಿ ಗೆದ್ದದ್ದು ಯಾವ ಪಕ್ಷಕ್ಕೂ ಸೇರದ ಕಾವೊ ಯುಶು. 1967ರ ಜುಲೈ 1ರಂದು ತೈಪೆಯ ದರ್ಜೆ ಏರಿತು, ಅದು ನೇರ ಆಡಳಿತದ ನಗರವಾಯಿತು. ಅದರೊಂದಿಗೆ ಮೇಯರ್ ಚುನಾವಣೆ ನಿಂತು, ನೇಮಕ ಶುರುವಾಯಿತು. ಕಾವೊ ಅವರನ್ನೇ ಆ ಹುದ್ದೆಯಲ್ಲಿ ಮುಂದುವರಿಸಿದರು, ಆದರೆ ಅಂದಿನಿಂದ ಅವರು ಸರ್ಕಾರ ನೇಮಿಸಿದ ಮೇಯರ್. ರಾಜಧಾನಿಯನ್ನು ಮತ್ತೆ ಚುನಾವಣೆಯಲ್ಲಿ ಕಳೆದುಕೊಳ್ಳಬಾರದೆಂದೇ ಹೀಗೆ ಮಾಡಿದರು ಎಂದು ಬಹಳ ಮಂದಿ ಅರ್ಥೈಸುತ್ತಾರೆ. ನನಗೂ ಅದೇ ಸರಿ ಎನಿಸುತ್ತದೆ.

ಕಾವೊಶಿಯುಂಗ್‌ನಲ್ಲೂ ಇದೇ ಆಯಿತು. ದಕ್ಷಿಣದ ಆ ಬಂದರು ನಗರಕ್ಕೆ 1979ರ ಜುಲೈ 1ರಂದು ಅದೇ ದರ್ಜೆ ಬಂತು, ಅಲ್ಲಿಯೂ ಮೇಯರ್ ಹುದ್ದೆ ನೇಮಕದ ಪಾಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಜಾಪ್ರಭುತ್ವ ಬೇಕೆಂದು ಮೆರವಣಿಗೆ ನಡೆದು, ವಿರೋಧಿ ನಾಯಕರು ಜೈಲು ಸೇರಿದ ‘ಕಾವೊಶಿಯುಂಗ್ ಪ್ರಕರಣ’ ನಡೆದದ್ದೂ ಈ ಊರಿನಲ್ಲೇ.

ಸಂವಿಧಾನವೇನು ಹೇಳುತ್ತಿತ್ತು? 1947ರಲ್ಲಿ ಜಾರಿಗೆ ಬಂದ ಸಂವಿಧಾನದ 118ನೇ ವಿಧಿ ಒಂದೇ ಸಾಲಿನದು: ನೇರ ಆಡಳಿತ ನಗರಗಳ ಸ್ವಯಮಾಡಳಿತವನ್ನು ಕಾನೂನಿನ ಮೂಲಕ ನಿಗದಿಪಡಿಸಬೇಕು. ಆ ಕಾನೂನು ಬಂದದ್ದು 1994ರಲ್ಲಿ. ನಡುವಿನ 47 ವರ್ಷ ಸರ್ಕಾರದ ಆದೇಶಗಳೇ ಕಾನೂನಿನ ಜಾಗದಲ್ಲಿದ್ದವು. ಆಗ ಜನ ಈ ನಗರಗಳನ್ನು ಹೆಚ್ಚಾಗಿ ‘ಯುವಾನ್‌ಶಿಯಾಶಿ’, ಅಂದರೆ ಯುವಾನ್‌ನ ಅಧೀನದ ನಗರ, ಎಂದು ಕರೆಯುತ್ತಿದ್ದರು.

ವು ಅವರ ದಾರಿ ಇಲ್ಲಿ ಕುತೂಹಲ ಹುಟ್ಟಿಸುತ್ತದೆ. ತೈಪೆ ನಗರಸಭೆಯಿಂದ ಅವರು 1981ರಲ್ಲಿ ತವರು ನಾಂಟೌಗೆ ಮರಳಿ, ಕೌಂಟಿಯ ಮುಖ್ಯಸ್ಥರಾಗಿ ಜನರಿಂದ ಆಯ್ಕೆಯಾದರು. 1989ರವರೆಗೆ ಆ ಹುದ್ದೆಯಲ್ಲಿದ್ದರು. ಅಂದರೆ ಬೆಟ್ಟದ ಮೇಲೆ ಚಹಾ ಬೆಳೆಯುವ ರೈತನಿಗೆ ತನ್ನ ಕೌಂಟಿಯ ಮುಖ್ಯಸ್ಥನನ್ನು ಆರಿಸುವ ಹಕ್ಕಿತ್ತು, ತೈಪೆಯಲ್ಲಿ ಅಂಗಡಿ ಇಟ್ಟವನಿಗೆ ತನ್ನ ಮೇಯರನ್ನು ಆರಿಸುವ ಹಕ್ಕಿರಲಿಲ್ಲ. ಊರಿನ ದರ್ಜೆ ಏರಿದಷ್ಟೂ ಮತದಾರನ ಕೈ ಬರಿದಾಗುತ್ತಿತ್ತು. ‘ನೇರ ಆಡಳಿತ’ದ ಮೊದಲ ಅರ್ಥ ಇದು: ನೇರವಾಗಿ ಮೇಲಿನವರ ಆಡಳಿತ.

1990ರಲ್ಲಿ ಸರ್ಕಾರ ವು ಅವರನ್ನು ಕಾವೊಶಿಯುಂಗ್‌ನ ಮೇಯರ್ ಆಗಿ ನೇಮಿಸಿತು. ಹೀಗೆ ನೇಮಕವಾದವರನ್ನು ಅಲ್ಲಿ ‘ಗುವಾನ್‌ಪಾಯ್’, ಅಂದರೆ ಸರ್ಕಾರ ಕಳಿಸಿದವರು, ಎನ್ನುತ್ತಾರೆ. ಜನ ಆರಿಸಿದವರು ‘ಮಿನ್‌ಶುವೆನ್’. ಆ ದಶಕದಲ್ಲಿ ಕಾವೊಶಿಯುಂಗ್ ಕಂಟೇನರ್ ಸಾಗಣೆಯಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳ ನಂತರ ಜಗತ್ತಿನ ಮೂರನೇ ದೊಡ್ಡ ಬಂದರಾಗಿತ್ತು. ಅಂಥ ಊರಿನ ಜನ ತಮ್ಮ ಮೇಯರಿಗೆ ಕೊನೆಯ ಬಾರಿ ಮತ ಹಾಕಿದ್ದು 1977ರಲ್ಲಿ.

1987ರಲ್ಲಿ ಸೇನಾಡಳಿತ ಕಾನೂನು ತೆರವಾಗಿ, ರಾಜಕೀಯ ಸುಧಾರಣೆಯ ಗಾಳಿ ಬೀಸಿ, ಕೊನೆಗೂ 1994ರಲ್ಲಿ ನೇರ ಆಡಳಿತ ನಗರಗಳ ಸ್ವಯಮಾಡಳಿತ ಕಾಯ್ದೆ ಬಂತು. ಆ ವರ್ಷ ಡಿಸೆಂಬರ್ 3ರಂದು ಎರಡೂ ನಗರಗಳು ಮತ ಹಾಕಿದವು. ತೈಪೆಯಲ್ಲಿ ವಿರೋಧ ಪಕ್ಷವಾದ ಡೆಮಾಕ್ರಟಿಕ್ ಪ್ರೋಗ್ರೆಸಿವ್ ಪಾರ್ಟಿಯ (ಡಿಪಿಪಿ) ಚೆನ್ ಶುಯಿಬಿಯಾನ್ ಗೆದ್ದರು. ಕಾವೊಶಿಯುಂಗ್‌ನಲ್ಲಿ ವು, ಡಿಪಿಪಿಯ ಚಾಂಗ್ ಚುನ್‌ಶಿಯುಂಗ್ ಅವರನ್ನು ಸೋಲಿಸಿದರು. ಆ ಊರಿನ ಕೊನೆಯ ನೇಮಿತ ಮೇಯರ್ ಅವರೇ, ನೇರ ಆಡಳಿತ ನಗರವಾದ ಮೇಲೆ ಮತ ಪಡೆದು ಬಂದ ಮೊದಲ ಮೇಯರೂ ಅವರೇ. ಕಚೇರಿ ಅದೇ, ವ್ಯಕ್ತಿಯೂ ಅದೇ. ಆದರೆ ಅವರನ್ನು ಇಳಿಸುವ ಅಧಿಕಾರ ಈಗ ಬೇರೆಯವರ ಕೈಗೆ ಬಂದಿತ್ತು.

ಜನ ಆ ಅಧಿಕಾರ ಚಲಾಯಿಸಲು ತಡಮಾಡಲಿಲ್ಲ. 1998ರ ಡಿಸೆಂಬರ್ 5ರ ಚುನಾವಣೆಯಲ್ಲಿ ಡಿಪಿಪಿಯ ಫ್ರಾಂಕ್ ಶಿಯೆ ಅವರಿಗೆ 3,87,797 ಮತ, ವು ಅವರಿಗೆ 3,83,232 ಮತ. ಅಂತರ ಬರೀ 4,565. ನೇಮಕದ ಕಾಲದಲ್ಲಿ ಈ ಸಂಖ್ಯೆಗಳಿಗೆ ಅರ್ಥವೇ ಇರಲಿಲ್ಲ. ಅದೇ ದಿನ ತೈಪೆಯಲ್ಲಿ ಚೆನ್ ಕೂಡ ಸೋತರು. ಎರಡು ನಗರಗಳಲ್ಲಿ ಎರಡು ಪಕ್ಷಗಳ ಹಾಲಿ ಮೇಯರ್‌ಗಳು ಒಂದೇ ದಿನ ಮನೆಗೆ ಹೋದರು. ನನ್ನ ಮಟ್ಟಿಗೆ ‘ಜಿಶಿಯಾಶಿ’ಯ ಎರಡನೇ ಅರ್ಥ, ಅಂದರೆ ಜನರೇ ನೇರವಾಗಿ ಆರಿಸಿ ಇಳಿಸುವ ಆಡಳಿತ, ಗಟ್ಟಿಯಾದದ್ದು 1994ರಲ್ಲಲ್ಲ, ಆ ದಿನ.

ಇಂದಿನ ಕಾನೂನು ಏನು ಹೇಳುತ್ತದೆ ಎಂಬುದನ್ನು ಚುಟುಕಾಗಿ ನೋಡೋಣ. 1999ರ ಸ್ಥಳೀಯ ಆಡಳಿತ ಕಾಯ್ದೆಯಂತೆ 12.5 ಲಕ್ಷ ಜನಸಂಖ್ಯೆ ಇದ್ದು, ರಾಜಕೀಯ, ಆರ್ಥಿಕ, ಸಾಂಸ್ಕೃತಿಕ ಹಾಗೂ ಮಹಾನಗರದ ಬೆಳವಣಿಗೆಯ ವಿಶೇಷ ಅಗತ್ಯವಿರುವ ಪ್ರದೇಶ ಈ ದರ್ಜೆ ಪಡೆಯಬಹುದು. ಮೇಯರ್ ಅವಧಿ ನಾಲ್ಕು ವರ್ಷ, ಸತತ ಎರಡು ಅವಧಿ ಮಾತ್ರ. ಕಾರ್ಪೊರೇಟರ್‌ಗಳು ಒಂದು ವರ್ಷದ ಮಟ್ಟಿಗೆ ಆರಿಸುವ ನಮ್ಮ ಮೇಯರ್‌ಗಳನ್ನು ನೆನೆದು ಇದನ್ನು ಅಳೆಯಬೇಡಿ; ಈ ಮೇಯರ್ ಕಾರ್ಯಾಂಗ ಯುವಾನ್ ಸಭೆಯಲ್ಲಿ ಕೂರುತ್ತಾರೆ, ರಾಷ್ಟ್ರ ನಾಯಕತ್ವಕ್ಕೆ ಇದೇ ಮೆಟ್ಟಿಲು. ಚೆನ್ 2000ದಲ್ಲಿ ಅಧ್ಯಕ್ಷರಾದರು. ವು 2009ರಲ್ಲಿ ಪ್ರಧಾನಿಯಾಗಿ, 2012ರಲ್ಲಿ ಉಪಾಧ್ಯಕ್ಷರಾದರು. ಟಿವಿ ವರದಿಗಾರ್ತಿಯಾಗಿದ್ದು 2018 ಮತ್ತು 2022ರಲ್ಲಿ ತೈಚುಂಗ್ ಮೇಯರ್ ಆಗಿ ಗೆದ್ದ ಲು ಶಿಯುಯೆನ್ ಅವರ ಹೆಸರು ರಾಷ್ಟ್ರಮಟ್ಟದ ಚರ್ಚೆಯಲ್ಲಿ ಕೇಳಿಬರುವುದಕ್ಕೂ ಈ ಹುದ್ದೆಯ ತೂಕವೇ ಕಾರಣ. ಇನ್ನೊಂದು ಮಾತು: ತೈವಾನ್ ಪ್ರಾಂತ್ಯ ಸರ್ಕಾರವನ್ನು 1998ರಲ್ಲಿ ಹೆಸರಿಗಷ್ಟೇ ಉಳಿಸಿದ ಮೇಲೆ ಕೌಂಟಿಗಳೂ ಹೆಚ್ಚುಕಮ್ಮಿ ನೇರವಾಗಿ ಕೇಂದ್ರದ ಕೆಳಗೇ ಬಂದಿವೆ. ಹಾಗಾಗಿ ‘ನೇರ’ ಎಂಬುದಕ್ಕಿಂತ ಈಗ ತೆರಿಗೆಯ ದೊಡ್ಡ ಪಾಲು, ಹೆಚ್ಚು ಸಿಬ್ಬಂದಿ ಇವೇ ಮುಖ್ಯ.

2010ರ ಡಿಸೆಂಬರ್ 25ರಂದು ನ್ಯೂ ತೈಪೆ, ತೈಚುಂಗ್, ತೈನಾನ್ ಈ ಪಟ್ಟಿಗೆ ಸೇರಿದವು. ಕಾವೊಶಿಯುಂಗ್ ತನ್ನ ಸುತ್ತಲಿನ ಕೌಂಟಿಯನ್ನು ಕೂಡಿಸಿಕೊಂಡಿತು. ಸುಮಾರು 154 ಚದರ ಕಿಲೋಮೀಟರ್ ಇದ್ದ ನಗರ 2,900 ದಾಟಿ ಹಬ್ಬಿತು. ಆಗ ಪ್ರಧಾನಿಯಾಗಿದ್ದವರು ವು. 2014ರ ಅದೇ ದಿನ ತಾವೊಯುವಾನ್ ಕೂಡ ಬಂತು.

ಈ ವಿಲೀನದಲ್ಲಿ ಹಳೆಯ ಅರ್ಥ ಇನ್ನೊಮ್ಮೆ ತಲೆ ಎತ್ತಿತು. ಕೌಂಟಿಯೊಳಗಿನ ಟೌನ್‌ಶಿಪ್‌ಗಳಿಗೆ ಜನ ಆರಿಸಿದ ಮುಖ್ಯಸ್ಥರಿದ್ದರು. ಮಹಾನಗರಕ್ಕೆ ಸೇರಿದ ಕೂಡಲೇ ಅವು ಬರೀ ವಲಯಗಳಾದವು, ವಲಯದ ಮುಖ್ಯಸ್ಥನನ್ನು ನೇಮಿಸುವುದು ಮೇಯರ್. ಮೂಲನಿವಾಸಿಗಳ ಬೆಟ್ಟದ ಊರುಗಳಿಗೆ ಇದು ಬಲವಾದ ಪೆಟ್ಟಾಯಿತು. ಕಾವೊಶಿಯುಂಗ್‌ನ ನಮಾಶಿಯಾ, ಮಾವೊಲಿನ್‌ನಂಥ ಕಡೆ ತಮ್ಮವರನ್ನೇ ಮುಖ್ಯಸ್ಥರಾಗಿ ಆರಿಸುತ್ತಿದ್ದ ಜನ, ದೂರದ ನಗರದಲ್ಲಿ ಕುಳಿತ ಮೇಯರ್ ಕಳಿಸಿದವರನ್ನು ಒಪ್ಪಿಕೊಳ್ಳಬೇಕಾಯಿತು. ವಿರೋಧದ ನಂತರ ಕಾಯ್ದೆಗೆ ತಿದ್ದುಪಡಿ ಬಂತು. 2014ರ ಚುನಾವಣೆಯಿಂದ ಇಂಥ ಆರು ಬೆಟ್ಟದ ವಲಯಗಳ ಜನ ಮತ್ತೆ ತಮ್ಮ ಮುಖ್ಯಸ್ಥನನ್ನು ತಾವೇ ಆರಿಸುತ್ತಿದ್ದಾರೆ. ಆರೂ ಮಹಾನಗರಗಳ ಉಳಿದ ವಲಯಗಳಲ್ಲಿ ಇಂದಿಗೂ ಮೇಯರ್ ನೇಮಿಸಿದವರೇ ಇದ್ದಾರೆ.